ಕಣ್ಣಿನ ಪ್ರೆಷರ್ ನಾರ್ಮಲ್ ಇದ್ದರೂ ಗ್ಲಾಕೋಮಾ ಬರುತ್ತಾ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಕಣ್ಣಿನ ಪ್ರೆಷರ್ 16 ಬಂತು. ನಾರ್ಮಲ್ ಅಂದರು, ಆದರೂ ಗ್ಲಾಕೋಮಾ ಅಂತ ಡ್ರಾಪ್ಸ್ ಬರೆದುಕೊಟ್ಟರು. ಇದು ಕಪ್ಪು ಜನಾಂಗದವರಿಗೆ ಜಾಸ್ತಿ ಅಂತ ಓದಿದೆ. ಡ್ರಾಪ್ಸ್ ನಿಲ್ಲಿಸಬಹುದಾ? (ಗದಗದ ಓದುಗರು)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ.

ಗ್ಲಾಕೋಮಾ ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ. ಪ್ರೆಷರ್ ಅದಕ್ಕೆ ದೊಡ್ಡ ಕಾರಣ ನಿಜ, ಆದರೆ ನಾರ್ಮಲ್ ಮಿತಿ ಅನ್ನುವ 21ರ ಒಳಗಿದ್ದರೆ ಪಾರಾದೆವು ಅಂತಲ್ಲ. ಜಪಾನಿನ ತಾಜಿಮಿಯಲ್ಲಿ ನಡೆದ ಸಮೀಕ್ಷೆಯಲ್ಲಿ, ಇದರ ಸಾಮಾನ್ಯ ಬಗೆ ಇದ್ದವರಲ್ಲಿ ನೂರಕ್ಕೆ 92 ಜನರ ಪ್ರೆಷರ್ 21 ದಾಟಿರಲಿಲ್ಲ!

ಇಲ್ಲಿ ರಕ್ತದ ಹರಿವನ್ನೂ ನೋಡಬೇಕು. ಬಿಪಿ ರಕ್ತವನ್ನು ಕಣ್ಣಿನೊಳಗೆ ತಳ್ಳುತ್ತದೆ, ಕಣ್ಣಿನ ಪ್ರೆಷರ್ ಅದಕ್ಕೆ ಎದುರು ಒತ್ತುತ್ತದೆ. ನಿದ್ದೆಯಲ್ಲಿ ಬಿಪಿ ಇಳಿಯುವುದು ಸಹಜ. ರಾತ್ರಿ ಊಟ ಆದಮೇಲೆ ಬಿಪಿ ಗುಳಿಗೆ ತಗೊಂಡು ಮಲಗಿದರೆ ಕೆಲವರಿಗೆ ಅದು ತೀರಾ ಇಳಿಯುತ್ತದೆ. ಆಗ ನರಕ್ಕೆ ರಕ್ತ ಸಾಕಾಗುವುದಿಲ್ಲ. ಹಾಗಂತ ಗುಳಿಗೆ ಬಿಡಬೇಡಿ. ಚೀಟಿ ತಗೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೇಕಿದ್ದರೆ ಅವರು ಬಿಪಿ ಡಾಕ್ಟರ ಜೊತೆ ಮಾತಾಡಿ ಹೊತ್ತು ಬದಲಿಸುತ್ತಾರೆ.

ನೀವು ಓದಿದ್ದು ಸುಳ್ಳಲ್ಲ. ಅಮೆರಿಕದ ಬಾಲ್ಟಿಮೋರ್ ಸಮೀಕ್ಷೆಯಲ್ಲಿ ಕಪ್ಪು ಜನರಲ್ಲಿ ಇದು ಬಿಳಿಯರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಕಂಡಿತ್ತು. ಅವರಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸರಾಸರಿ ತೆಳುವಾಗಿರುತ್ತದೆ, ಹಾಗಾಗಿ ಪ್ರೆಷರ್ ಇರುವುದಕ್ಕಿಂತ ಕಮ್ಮಿ ತೋರಿಸಬಹುದು. ಕಣ್ಣಿಗೆ ರಕ್ತ ಹರಿಯುವುದರಲ್ಲೂ ವ್ಯತ್ಯಾಸ ಇದೆಯೇ ಅಂತ ಸಂಶೋಧಕರು ನೋಡುತ್ತಿದ್ದಾರೆ. ಆದರೆ ಎಲ್ಲವನ್ನೂ ಮೈಬಣ್ಣದ ಮೇಲೆ ಹಾಕುವುದು ಸರಿಯಲ್ಲ. ತಡವಾಗಿ ಪತ್ತೆಯಾಗುವುದು, ವಿಮೆ ಇಲ್ಲದಿರುವುದು, ಚಿಕಿತ್ಸೆ ನಡುವೆ ನಿಲ್ಲುವುದು ಕೂಡ ಕಣ್ಣು ಕಳೆಯುತ್ತವೆ.

ಆ ತಡ ನಮ್ಮಲ್ಲೂ ಇದೆ. ತಮಿಳುನಾಡಿನ ಸಮೀಕ್ಷೆಗಳಲ್ಲಿ ಕಾಯಿಲೆ ಇದ್ದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಅದು ಗೊತ್ತೇ ಇರಲಿಲ್ಲ. ನೋವಿಲ್ಲ, ಎದುರಿನ ಬೋರ್ಡ್ ಸರಿಯಾಗೇ ಕಾಣುತ್ತದೆ, ಪಕ್ಕದಿಂದ ಬಂದ ಬೈಕ್ ಮಾತ್ರ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹಿರಿಯರು ಇದನ್ನು ಮೋತಿಬಿಂದು ಅಂದುಕೊಂಡು, ಆಪರೇಷನ್ ಮಾಡಿಸಿದರೆ ಸರಿಹೋಗುತ್ತೆ ಅಂತ ಕಾಯುತ್ತಾರೆ. ಇದರಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಡ್ರಾಪ್ಸ್ ಹಾಕಿದ ಮೇಲೆ ತಂದೆಯವರು ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯಲಿ. ಔಷಧಿ ಗಂಟಲಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಇನ್ನು, ಇದು ಮನೆತನದಲ್ಲಿ ಬರುವ ಕಾಯಿಲೆ. ನಿಮಗೆ 40 ದಾಟಿದ್ದರೆ ನೀವೂ, ತಂದೆಯವರ ಅಕ್ಕ-ತಂಗಿ, ಅಣ್ಣ-ತಮ್ಮ ಎಲ್ಲರೂ ಒಮ್ಮೆ ಕಣ್ಣು ತೋರಿಸಿ. ಬರೀ ಪ್ರೆಷರ್ ಅಲ್ಲ, ನರವನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ.