ಅರ್ಧ ಇಂಚಿನ ಪೈಪಿಗೆ ಅರ್ಧ ಇಂಚಿನ ಕಪ್ಲರ್ ಏಕೆ ಕೂರುವುದಿಲ್ಲ?

ಪ್ರಶ್ನೆ: ಬಚ್ಚಲುಮನೆಯ ಅರ್ಧ ಇಂಚಿನ ಪೈಪು ಬಿರುಕು ಬಿಟ್ಟಿದೆ. ನಾನೇ ಸರಿಪಡಿಸೋಣವೆಂದು ಅರ್ಧ ಇಂಚಿನ ಕಪ್ಲರ್ ತಂದರೆ ಪೈಪು ಅದರೊಳಗೆ ಲೊಡಲೊಡ ಆಡುತ್ತಿದೆ. ಅಂಗಡಿಯವರು ತಪ್ಪು ಮಾಲು ಕೊಟ್ಟರೇ?

ಉತ್ತರ: ಇಲ್ಲ, ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ. ಜಯನಗರದಿಂದಲೋ ಯಲಹಂಕದಿಂದಲೋ ಈ ಪ್ರಶ್ನೆ ಬರುತ್ತಲೇ ಇರುತ್ತದೆ, ನಾನೂ ಉತ್ತರಿಸುತ್ತಲೇ ಇದ್ದೇನೆ. ಆದರೂ ಅರ್ಧ ಇಂಚು ಎಂದರೆ ಎಲ್ಲ ಪೈಪಿಗೂ ಒಂದೇ ಅಳತೆ ಎಂಬ ನಂಬಿಕೆ ಮಾತ್ರ ಅಲುಗಾಡುತ್ತಿಲ್ಲ.

ಅರ್ಧ ಇಂಚೆಂದರೆ 12.7 ಮಿ.ಮೀ. ಆದರೆ ಗೀಸರಿಗೆ ಹೋಗುವ ಕೆನೆಬಣ್ಣದ ಅರ್ಧ ಇಂಚಿನ ಸಿಪಿವಿಸಿ ಪೈಪಿನ ಹೊರವ್ಯಾಸ 15.9 ಮಿ.ಮೀ., ತಣ್ಣೀರಿನ ಬಿಳಿ ಯುಪಿವಿಸಿಯದು 21.3 ಮಿ.ಮೀ., ಹಳೆಯ ಮನೆಗಳ ಗೋಡೆಯೊಳಗಿನ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪಿನದೂ ಹೆಚ್ಚುಕಡಿಮೆ ಅಷ್ಟೇ. ಕಪ್ಲರ್, ಎಲ್ಬೋ, ಟೀ ಎಲ್ಲವೂ ಹಿಡಿಯುವುದು ಪೈಪಿನ ಹೊರಮೈಯನ್ನು. ಆದ್ದರಿಂದ ಯುಪಿವಿಸಿ ಕಪ್ಲರಿನೊಳಗೆ ಸಿಪಿವಿಸಿ ಪೈಪು ಐದು ಮಿ.ಮೀ.ಗೂ ಹೆಚ್ಚು ಸಡಿಲವಾಗಿರುವುದು ಸಹಜ. ‘ಇಂಚು ಬೇಡ, ಎಂಎಂ ಲೆಕ್ಕದಲ್ಲೇ ಕೇಳುತ್ತೇನೆ’ ಎನ್ನುವ ಜಾಣರಿಗೂ ಇಲ್ಲಿ ಬಿಡುಗಡೆಯಿಲ್ಲ. ಸಿಪಿವಿಸಿಯಲ್ಲಿ 20 ಎಂಎಂ ಎಂದರೆ 22.2 ಮಿ.ಮೀ. ಹೊರವ್ಯಾಸದ ಮುಕ್ಕಾಲು ಇಂಚಿನ ಪೈಪು. ಐಎಸ್ 4985 ಮಾನಕದ ಯುಪಿವಿಸಿಯಲ್ಲಿ 20 ಎಂಎಂ ಎಂದರೆ ಹೊರವ್ಯಾಸವೇ 20 ಮಿ.ಮೀ. ಇನ್ನು ಇಂಚಿನ ಲೆಕ್ಕದ ಯುಪಿವಿಸಿಯ ಶೆಡ್ಯೂಲ್ 40 ಮತ್ತು 80 ಎಂಬ ದರ್ಜೆಗಳ ನಡುವಿನ ವ್ಯತ್ಯಾಸ ಗೋಡೆಯ ದಪ್ಪದಲ್ಲಿದೆ. ಆ ದಪ್ಪ ಒಳಗಡೆಗೆ ಬೆಳೆಯುವುದರಿಂದ ಹೊರವ್ಯಾಸ ಬದಲಾಗುವುದಿಲ್ಲ.

ಕೂರದ ಪೈಪನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಬಾಯಿ ಅಗಲಿಸಿ, ಇನ್ನೊಂದರ ಮೇಲೆ ಒತ್ತಿ ಕೂರಿಸುವ ಕೈಚಳಕವನ್ನು ಹಲವರು ವಿದ್ಯೆಯೆಂದೇ ತಿಳಿದಿದ್ದಾರೆ. ಹಿಗ್ಗಿದ ಕಡೆ ಗೋಡೆ ತೆಳುವಾಗುತ್ತದೆ, ಬಿಸಿನೀರು ಹರಿದಾಗ ಮೊದಲು ಸೋಲುವುದೂ ಅದೇ ಜಾಗ. ಸಂದಿಗೆ ಸಾಲ್ವೆಂಟ್ ಸಿಮೆಂಟ್ ಸುರಿದು ತುಂಬಿಸುವವರೂ ಇದ್ದಾರೆ. ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸಿ ಒಂದಕ್ಕೊಂದು ಬೆಸೆಯುವ ವಸ್ತು, ಸಂದಿ ಮುಚ್ಚುವ ಗಾರೆಯಲ್ಲ.

ಮಾಡಬೇಕಾದದ್ದು ಸರಳ. ಕತ್ತರಿಸಿದ ತುಂಡನ್ನು ಅಂಗಡಿಗೆ ಒಯ್ಯಿರಿ, ಅದರ ಮೇಲಿನ ಅಕ್ಷರಗಳನ್ನು ಓದಿ: ಐಎಸ್ 15778 ಎಂದಿದ್ದರೆ ಸಿಪಿವಿಸಿ, ಎಎಸ್‌ಟಿಎಂ ಡಿ 1785 ಎಂದಿದ್ದರೆ ಇಂಚಿನ ಲೆಕ್ಕದ ಯುಪಿವಿಸಿ. ಅಂಟು ಹಚ್ಚುವ ಮೊದಲು ಒಣಗಿದ ಪೈಪನ್ನು ತೂರಿಸಿ ನೋಡಿ. ಸಾಕೆಟ್ಟಿನ, ಅಂದರೆ ಪೈಪು ತೂರುವ ಬಾಯಿಯ, ಆಳದ ಮೂರನೇ ಒಂದರಿಂದ ಮೂರನೇ ಎರಡು ಭಾಗದೊಳಗೆ ಅದು ಬಿಗಿಯಾಗಬೇಕು. ಸಿಪಿವಿಸಿಗೆ ಸಿಪಿವಿಸಿಯದೇ ಸಿಮೆಂಟ್ ಕೊಳ್ಳಿ. ಎರಡು ಜಾತಿಯ ಪೈಪುಗಳನ್ನು ಸೇರಿಸಲೇಬೇಕಾದರೆ ಹಿತ್ತಾಳೆ ಥ್ರೆಡ್ಡಿನ (ತಿರುಪಿನ) ಅಡಾಪ್ಟರುಗಳಾದ, ಥ್ರೆಡ್ಡು ಹೊರಗಿರುವ ಎಂಎಬಿಟಿ, ಒಳಗಿರುವ ಎಫ್‌ಎಬಿಟಿಗಳನ್ನು ಬಳಸಿ, ನಡುವೆ ಟೆಫ್ಲಾನ್ ಟೇಪ್ ಸುತ್ತಿ. ಒಂದೇ ಮಾನಕದ ಥ್ರೆಡ್ಡಿರುವ ಕಡೆ ಅರ್ಧ ಇಂಚಿಗೆ ಅರ್ಧ ಇಂಚು ನಿಜಕ್ಕೂ ಕೂರುತ್ತದೆ. ನಲ್ಲಿ ಕೂರುವ ಜಾಗಕ್ಕೆ ಬರಿಯ ಪ್ಲಾಸ್ಟಿಕ್ ಥ್ರೆಡ್ ಬೇಡ, ಸ್ಪ್ಯಾನರಿನ ಒಂದು ಸುತ್ತು ಹೆಚ್ಚಾದರೂ ಅದು ಸೀಳುತ್ತದೆ.

ಹೇಗೂ ಪೈಪು ಬಿಚ್ಚಿದ್ದಾಗಿದೆ, ಮುಕ್ಕಾಲು ಇಂಚು ಹಾಕಿಬಿಟ್ಟರೆ ಷವರಿನಲ್ಲಿ ಫೋರ್ಸ್ ಹೆಚ್ಚೀತಲ್ಲ ಎಂದು ನಿಮಗೀಗ ಅನ್ನಿಸಿರಬಹುದು. ಓವರ್‌ಹೆಡ್ ಟ್ಯಾಂಕಿನ ನೀರಿಗೆ ಒತ್ತಡ ಬರುವುದು ಎತ್ತರದಿಂದ: 10 ಮೀಟರಿಗೆ ಚದರ ಸೆಂ.ಮೀ.ಗೆ ಸುಮಾರು ಒಂದು ಕೆ.ಜಿ. ಟ್ಯಾಂಕಿನ ನೀರು ಷವರಿಗಿಂತ ಎರಡೇ ಮೀಟರ್ ಮೇಲಿದ್ದರೆ ಸಿಗುವುದು ಅದರ ಐದನೆಯ ಒಂದು ಭಾಗ. ಅಗಲ ಪೈಪಿನಿಂದ ಹರಿವಿನ ತಿಕ್ಕಾಟ ತಗ್ಗಿ, ಎರಡು ನಲ್ಲಿ ಒಟ್ಟಿಗೆ ತೆರೆದಾಗ ನೀರು ಸೊರಗುವುದು ಕಡಿಮೆಯಾಗುತ್ತದೆ. ಮೇಲಿನ ಮಹಡಿಯವರು ಹಣ ಹಾಕುವುದಾದರೆ ಟ್ಯಾಂಕಿನ ಸ್ಟ್ಯಾಂಡನ್ನು ಎತ್ತರಿಸಲಿ, ಇಲ್ಲವೇ ಪ್ರೆಶರ್ ಪಂಪ್ ಕೂರಿಸಲಿ. ಅದಕ್ಕೂ ಮುನ್ನ ಷವರಿನ ಜರಡಿಯನ್ನು ಬಿಚ್ಚಿ ನೋಡುವುದು ಒಳ್ಳೆಯದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದರ ಅರ್ಧ ತೂತುಗಳನ್ನು ಸುಣ್ಣವೇ ಮುಚ್ಚಿರುತ್ತದೆ.