ಪದ ಪರಿಚಯ: ಫರ್ಮ್‌ವೇರ್

ಹಳೆಯ ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾ ಬಾಡಿ ಮಾರುವವರ ಬಾಯಲ್ಲಿ ಈಗ ಒಂದೇ ಮಾತು: "ಲೇಟೆಸ್ಟ್ ಫರ್ಮ್‌ವೇರ್ ಹಾಕಿದೆ, ಪರ್ಫಾರ್ಮೆನ್ಸ್ ಹೊಸ ಕ್ಯಾಮೆರಾದಷ್ಟೇ." ಮಡಿಕೇರಿ, ಗೋಣಿಕೊಪ್ಪದ ಕಡೆ ಮದುವೆ ಫೋಟೋ ತೆಗೆಯುವವರಲ್ಲಿ ಇನ್ನೊಂದು: "ಅಪ್‌ಡೇಟ್ ಆದಮೇಲೆ ನಾಯ್ಸ್ ಕಮ್ಮಿ ಆಯ್ತು," ಅಂದರೆ ಚಿತ್ರದ ಮೇಲಿನ ಕಾಳುಕಾಳು ಕಡಿಮೆಯಾಯಿತು ಎಂದು. ಎರಡು ಮಾತಿನಲ್ಲೂ ಫರ್ಮ್‌ವೇರ್ ಮಾಡಲಾಗದ ಕೆಲಸವನ್ನು ಅದರ ಲೆಕ್ಕಕ್ಕೆ ಬರೆದಿದ್ದಾರೆ.

ಈ ಪದವನ್ನು 1967ರಲ್ಲಿ ಡೇಟಾಮೇಷನ್ ಪತ್ರಿಕೆಯ ಲೇಖನವೊಂದರಲ್ಲಿ ಬಳಕೆಗೆ ತಂದವರು ಆಷರ್ ಓಪ್ಲರ್. ಪ್ರೊಸೆಸರ್ ಒಂದೊಂದು ಆದೇಶವನ್ನು ಹೇಗೆ ನಡೆಸಬೇಕೆಂದು ಹೇಳುವ ಮೈಕ್ರೋಕೋಡ್‌ಗೆ ಅವರು ಇಟ್ಟ ಹೆಸರು ಅದು. ಹಾರ್ಡ್‌ವೇರ್‌ನಂತೆ ಬೆಸುಗೆ ಹಾಕಿ ಕೂರಿಸಿದ್ದಲ್ಲ, ಸಾಫ್ಟ್‌ವೇರ್‌ನಂತೆ ದಿನವೂ ಹಾಕಿ ತೆಗೆಯುವುದೂ ಅಲ್ಲ, ನಡುವಿನದು. ಆಮೇಲೆ ಓದಲು ಮಾತ್ರ ಬರುವ ರೋಮ್ (ROM) ಮೆಮೊರಿಯಲ್ಲಿ ಕೂರುವ ಸೂಚನೆಗಳಿಗೆಲ್ಲ, ಮುಂದೆ ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಮೆಮೊರಿಯಲ್ಲಿರುವುದಕ್ಕೂ ಅದೇ ಹೆಸರು ನಿಂತಿತು. ಅಂದರೆ ಫರ್ಮ್‌ವೇರ್ ಎಂಬುದು ಸೂಚನೆಗಳ ಕಟ್ಟು. ಇರುವ ಯಂತ್ರಕ್ಕೆ ಅದು ಬೇರೆ ತೀರ್ಮಾನ ಕಲಿಸಬಲ್ಲದು, ಯಂತ್ರವನ್ನೇ ಬದಲಿಸಲಾರದು.

ಮಿರರ್‌ಲೆಸ್‌ನಲ್ಲಿ ಈ ತೀರ್ಮಾನಗಳಿಗೆ ಬೆಲೆ ಹೆಚ್ಚು. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯಲು ಕನ್ನಡಿಯ ಕೆಳಗೆ ಪ್ರತ್ಯೇಕ ಘಟಕವಿತ್ತು. ಇಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಮೇಲೆಯೇ ಫೋಕಸ್ ಅಳೆಯುವ ಪಿಕ್ಸೆಲ್‌ಗಳಿರುತ್ತವೆ. ಯಾವ ಅಳತೆಯನ್ನು ನಂಬಬೇಕು, ಯಾವುದು ಕಣ್ಣು, ಯಾವುದು ಎಲೆ, ಲೆನ್ಸನ್ನು ಎಷ್ಟು ಸರಿಸಬೇಕು ಎಂದು ನಿರ್ಧರಿಸುವುದು ಫರ್ಮ್‌ವೇರ್. ಹಾಗಾಗಿಯೇ 2017ರಲ್ಲಿ ಬಂದ ಸೋನಿ ಎ9ಗೆ 2019ರ ಮಾರ್ಚ್‌ನಲ್ಲಿ 5.00 ಆವೃತ್ತಿಯ ಮೂಲಕ ರಿಯಲ್-ಟೈಮ್ ಟ್ರ್ಯಾಕಿಂಗ್, ಅಂದರೆ ಗುರಿಯನ್ನು ಬಿಡದೆ ಹಿಂಬಾಲಿಸುವ ಫೋಕಸ್, ಬಂತು. ನಿಕಾನ್ ಝಡ್9ಗೆ 2023ರ ಅಕ್ಟೋಬರ್‌ನ 4.10ರಲ್ಲಿ ಹಕ್ಕಿಗಳಿಗೆಂದೇ ಒಂದು ಆಯ್ಕೆ ಬಂತು, ಮುಂದಿನ ಫೆಬ್ರವರಿಯಲ್ಲಿ ಝಡ್8ಗೂ ಸಿಕ್ಕಿತು. ಕಾಫಿ ತೋಟದ ನೆರಳಲ್ಲಿ, ಮೆಣಸಿನ ಬಳ್ಳಿಯ ಮರೆಯಲ್ಲಿ ಕೂತ ಕಾಜಾಣದ ಕಣ್ಣು ಹುಡುಕುವವರಿಗೆ ಇದು ನಿಜವಾದ ಲಾಭ.

ಬದಲಾಗದ್ದು ಯಾವುದು ಎಂಬುದಕ್ಕೆ ಹಾಕಿ ಮೈದಾನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಚಿತ್ರಗಳಲ್ಲಿ ಈಚೆಗೆ ಬಾಗಿದ ಸ್ಟಿಕ್‌ಗಳು, ಮೊಟ್ಟೆಯಾಕಾರದ ಚೆಂಡುಗಳು ಕಾಣುತ್ತವೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಸಾಲುಸಾಲಾಗಿ ಓದಿಕೊಳ್ಳುತ್ತದೆ. ಸ್ಟ್ಯಾಕ್ಡ್ ಅಲ್ಲದ (ವೇಗವಾಗಿ ಓದಲು ಪದರಗಳಾಗಿ ಕಟ್ಟದ) ಹಲವು ಸೆನ್ಸರ್‌ಗಳಿಗೆ ಪೂರ್ತಿ ಓದಲು 1/15ರಿಂದ 1/60 ಸೆಕೆಂಡ್ ಬೇಕು. ಸ್ಟ್ಯಾಕ್ಡ್ ಸೆನ್ಸರಿನ ಝಡ್9ಗೆ ಸುಮಾರು 1/270 ಸಾಕು. ಮೇಲಿನ ಸಾಲು ಓದಿ ಕೆಳಗಿನದಕ್ಕೆ ಬರುವಷ್ಟರಲ್ಲಿ ಬೀಸಿದ ಸ್ಟಿಕ್ ಮುಂದೆ ಹೋಗಿರುತ್ತದೆ. ಶಟರ್ 1/4000 ಇಟ್ಟರೂ ಬಾಗು ಹೋಗದು, ಏಕೆಂದರೆ ಅದು ಒಂದೊಂದು ಸಾಲಿಗೆ ಬೆಳಕು ಬೀಳುವ ಅವಧಿ ಮಾತ್ರ. ಇದಕ್ಕೆ "ಮುಂದಿನ ಅಪ್‌ಡೇಟ್" ಕಾಯುವುದು ವ್ಯರ್ಥ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, ಇವತ್ತೇ ಸರಿಹೋಗುತ್ತದೆ.

ಲೆನ್ಸಿನ ಮೋಟಾರಿನ ವೇಗದ ಮಿತಿ, ಮಳೆಗಾಲದಲ್ಲಿ ಗಾಜಿಗೆ ಹತ್ತಿದ ಫಂಗಸ್, ಮಂಜಿನಲ್ಲಿ ಕಾಂಟ್ರಾಸ್ಟ್ ಸಿಗದೆ ಹಿಂದೆ ಮುಂದೆ ತಡಕಾಡುವ ಫೋಕಸ್: ಇವೂ ಅಷ್ಟೇ. ನಾಯ್ಸ್ ವಿಷಯವಂತೂ ಬೇಸರ ಹುಟ್ಟಿಸುವಷ್ಟು ಕೇಳಿಬರುತ್ತದೆ. ಕ್ಯಾಮೆರಾ ತಯಾರಿಸುವ ಜೆಪೆಗ್‌ನ ಸಂಸ್ಕರಣೆ ಬದಲಾಗಬಹುದು, ಆದರೆ ರಾ ಫೈಲಿನ (ಸಂಸ್ಕರಿಸದ ಮೂಲ ಚಿತ್ರದ) ನಾಯ್ಸ್‌ಗೆ ಮುಖ್ಯ ಕಾರಣ ಸೆನ್ಸರ್‌ಗೆ ಬಿದ್ದ ಬೆಳಕಿನ ಪ್ರಮಾಣ. ಅದೇ ವಾರ ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ಲೈಟ್‌ರೂಮ್ ಅಪ್‌ಡೇಟ್ ಆಗಿದ್ದರೆ ಮೊದಲು ಅದನ್ನು ಸಂಶಯಿಸಿ.

"ಪರ್ಫಾರ್ಮೆನ್ಸ್ ಜಾಸ್ತಿ ಆಯ್ತು" ಎಂದರೆ ಏನೂ ಹೇಳಿದಂತಾಗಲಿಲ್ಲ. ಕಣ್ಣು ಗುರುತಿಸುವುದು ಬೇಗವಾಯಿತೇ, ಗುರುತಿಸಿದ್ದನ್ನು ಬಿಡದೆ ಹಿಡಿಯಿತೇ, ಬಫರ್ (ಕಾರ್ಡಿಗೆ ಹೋಗುವ ಮುನ್ನ ಚಿತ್ರಗಳು ನಿಲ್ಲುವ ತಾತ್ಕಾಲಿಕ ಮೆಮೊರಿ) ಬೇಗ ಖಾಲಿಯಾಯಿತೇ? ಒಂದನ್ನು ಆರಿಸಿಕೊಂಡು ಅಳೆಯಿರಿ. ಟ್ರ್ಯಾಕಿಂಗ್ ಆದರೆ, ಒಬ್ಬರು 30 ಮೀಟರ್ ದೂರದಿಂದ 5 ಮೀಟರ್‌ವರೆಗೆ ನಿಮ್ಮತ್ತ ಓಡಿಬರಲಿ. ಅದೇ ಲೆನ್ಸ್ ಪೂರ್ತಿ ತೆರೆದು, ಶಟರ್ 1/2000, ಅದೇ ಫೋಕಸ್ ಮೋಡ್, ಅದೇ ಬೆಳಕು, ಹತ್ತು ಓಟ. ಫ್ರೇಮ್‌ಗಳನ್ನು 100% ಹಿಗ್ಗಿಸಿ ಕಣ್ಣು ಚೂಪಾಗಿರುವವನ್ನು ಎಣಿಸಿ. ಅಪ್‌ಡೇಟ್ ನಂತರ ಮತ್ತೆ ಅಷ್ಟನ್ನೇ ಮಾಡಿ. ನೂರಕ್ಕೆ ಮೂರು ನಾಲ್ಕು ಹೆಚ್ಚಿದರೆ ಅದು ಸುಧಾರಣೆಯಲ್ಲ, ಎರಡು ಓಟಗಳ ನಡುವಿನ ಸಹಜ ಏರಿಳಿತ. ಮುಖ ಮಸುಕಾಗಿ ಹಿಂದಿನ ಹುಲ್ಲು ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಓಡುವವರ ಅಂಚುಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಶಟರ್ ನಿಧಾನ. ಅವನ್ನು ಬೇರೆ ಬೇರೆ ಎಣಿಸಬೇಕು. ಜೂನ್‌ನ ಮೋಡದಡಿ ಒಂದು, ಡಿಸೆಂಬರ್ ಬಿಸಿಲಲ್ಲಿ ಇನ್ನೊಂದು ಪರೀಕ್ಷೆ ಮಾಡಿದವರ ಮಾತಿಗೆ ಬೆಲೆ ಕೊಡಬೇಡಿ.

ಅಪ್‌ಡೇಟ್ ಮಾಡುವುದು ಸರಳ: ಬ್ಯಾಟರಿ ಪೂರ್ತಿ ಚಾರ್ಜ್, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದ ಕಾರ್ಡ್, ಫೈಲು ಯಾವ ಫೋಲ್ಡರಿನೊಳಗೂ ಅಲ್ಲದೆ ಕಾರ್ಡಿನ ಮೊದಲ ಹಂತದಲ್ಲಿ. ಹಾಗಿಲ್ಲದಿದ್ದರೆ ಹಲವು ಬಾಡಿಗಳಿಗೆ ಫೈಲು ಕಾಣುವುದೇ ಇಲ್ಲ. ಸೋನಿ ಎ9, ಎ7 3 ಮುಂತಾದವು ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರ್ ಮೂಲಕ ಅಪ್‌ಡೇಟ್ ಆಗುತ್ತವೆ. ಆಟಿ ತಿಂಗಳಲ್ಲಿ ಕರೆಂಟು ಹೋಗಿಬರುವ ನಮ್ಮ ಕಡೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಅದಕ್ಕೆ ಕೈಹಾಕಬೇಡಿ, ಬ್ಯಾಟರಿಯಿರುವ ಲ್ಯಾಪ್‌ಟಾಪ್ ಬಳಸಿ. ಅರ್ಧಕ್ಕೆ ನಿಂತರೆ ಬಾಡಿ ಸರ್ವಿಸ್ ಸೆಂಟರ್ ಸೇರಬೇಕಾಗಬಹುದು. ಮೆನು ಸೆಟ್ಟಿಂಗ್‌ಗಳನ್ನು ಮೊದಲೇ ಕಾರ್ಡಿಗೆ ಉಳಿಸಿಡಿ. ಕೆಲವು ಬಾಡಿಗಳಲ್ಲಿ ಅವು ಮೂಲ ಸ್ಥಿತಿಗೆ ಮರಳುತ್ತವೆ, ಆಗ ಬದಲಾದ ಫೋಕಸ್ ಸೆಟ್ಟಿಂಗನ್ನೇ ಜನ ಫರ್ಮ್‌ವೇರ್‌ನ ಗುಣ ಅಥವಾ ದೋಷ ಅಂದುಕೊಳ್ಳುತ್ತಾರೆ.

ಲೆನ್ಸಿಗೂ ಅದರದೇ ಫರ್ಮ್‌ವೇರ್ ಇದೆ. ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಯ ಲೆನ್ಸ್ ಇದ್ದರೆ, ಬಾಡಿಯ ಹೊಸ ಆವೃತ್ತಿಗೆ ಅದು ಹೊಂದುತ್ತದೆಯೇ ಎಂದು ಲೆನ್ಸ್ ತಯಾರಕರ ಸೂಚನೆ ಓದಿಯೇ ಮುಂದುವರಿಯಿರಿ. ಹಿಂದಿನ ಆವೃತ್ತಿಗೆ ಮರಳಲು ಹೆಚ್ಚಿನ ಬಾಡಿಗಳು ಬಿಡುವುದಿಲ್ಲ. ಆದ್ದರಿಂದ ಮದುವೆಯ ಹಿಂದಿನ ರಾತ್ರಿ, ಹುತ್ತರಿಗೆ ಕದಿರು ತೆಗೆಯುವ ದಿನದ ಮಧ್ಯಾಹ್ನ ಅಪ್‌ಡೇಟ್ ಬೇಡ. ಕೆಲಸವಿಲ್ಲದ ವಾರ ನೋಡಿ ಮಾಡಿ.