ಆಸ್ಪತ್ರೆ ಹೊಲದ ಅರ್ಧ ಕೂಲಿ

ಮಂಡ್ಯದಲ್ಲಿ ಟ್ರೇನ್ ಹತ್ತಿದ ತಾಯಿ, ಮಗ ನನ್ನ ಎದುರು ಸೀಟಲ್ಲಿ ಕೂತರು. ತಾಯಿಯ ಕೈಯಲ್ಲಿ ಬಟ್ಟೆ ಅಂಗಡಿಯ ಕವರ್. ಅದರೊಳಗೆ ಮೂಲೆ ಮುದುಡಿದ ಫೈಲು. ಮಗನಿಗೆ ಮೂವತ್ತರ ಆಸುಪಾಸು. ಎಲ್ಲಿಗೆ ಅಂತ ಕೇಳಿದೆ. 'ಬೆಂಗಳೂರಿಗೆ, ದೊಡ್ಡಾಸ್ಪತ್ರೆಗೆ' ಅಂದರು. ಹೆಸರು ಹೇಳಲಿಲ್ಲ. ನಮ್ಮ ಮೈಸೂರು, ಮಂಡ್ಯದ ಕಡೆ ನಿಮ್ಹಾನ್ಸ್ ಅನ್ನೋ ಆ ಮಾನಸಿಕ ಆಸ್ಪತ್ರೆ ಹೆಸರು ಬಾಯಿಬಿಟ್ಟು ಹೇಳುವವರು ಕಮ್ಮಿ. ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುತ್ತೆ ಅಲ್ವಾ?

ಖರ್ಚಿನ ಮಾತು ಬಂತು. ಬಿಪಿಎಲ್ ಕಾರ್ಡ್ ಇರೋದರಿಂದ ಮಾತ್ರೆ ಪುಕ್ಕಟೆ. 'ಆದ್ರೆ ಇವತ್ತು ಇಬ್ಬರ ಕೂಲಿ ಹೋಯ್ತು' ಅಂದರು. ಆಮೇಲೆ ತಾವೇ ತಿದ್ದಿಕೊಂಡರು: 'ಇಬ್ಬರದ್ದಲ್ಲ, ಒಂದೂವರೆ. ಬದು ಕಡಿಯೋಕೆ ಇವನನ್ನೇ ಕರೀತಾರೆ. ಕೊಡೋದು ಮಾತ್ರ ಅರ್ಧ ಕೂಲಿ.'

ಈ ಅರ್ಧ ಕೂಲಿಗೆ ಉದ್ದದ ಇತಿಹಾಸ ಇದೆ. ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಖರ್ಚಿನ ಪುಸ್ತಕದಲ್ಲಿ ಅದು ಬಹಳ ಕಾಲ 'ಆದಾಯ' ಅನ್ನೋ ಹೆಸರಲ್ಲಿ ಕೂತಿತ್ತು.

ಮೊದಲು ಖರ್ಚು ಯಾಕೆ ಬೆಳೆಯುತ್ತೆ ಅಂತ ನೋಡೋಣ. ಕಾಲು ಮುರಿದವನು ಒಂದೆರಡು ತಿಂಗಳಲ್ಲಿ ಎದ್ದು ಮನೆಗೆ ಹೋಗುತ್ತಾನೆ. ಹಳೇ ಕಾಲದ ಹುಚ್ಚಾಸ್ಪತ್ರೆಗೆ (ಆಗ ಜನ ಕರೀತಿದ್ದದ್ದು ಹಾಗೇ) ಸೇರಿದ ಎಷ್ಟೋ ಜನ ಅಲ್ಲೇ ಮುದುಕರಾದರು. ಮೂರು ಹೊತ್ತು ಊಟ, ಬಟ್ಟೆ, ಸೋಪು, ಕಾವಲಿನವರ ಸಂಬಳ. ಪ್ರತಿ ವರ್ಷ ಹೊಸಬರು ಬರುತ್ತಿದ್ದರು, ಹಳಬರು ಹೋಗುತ್ತಿರಲಿಲ್ಲ. ಸರ್ಕಾರಕ್ಕೆ ಇದು ತಳವಿಲ್ಲದ ಕೊಳಗ.

ಅದಕ್ಕೆ ಕಂಡುಕೊಂಡ ದಾರಿ ಜಮೀನು. ಅಮೆರಿಕದ ಮಾನಸಿಕ ಆಸ್ಪತ್ರೆಗಳ ಸೂಪರಿಂಟೆಂಡೆಂಟರ ಸಂಘ 1851ರಲ್ಲೇ ಲೆಕ್ಕ ಹಾಕಿ ಹೇಳಿತ್ತು: ಸರ್ಕಾರಿ ಆಸ್ಪತ್ರೆ ಅಂದರೆ 200 ರೋಗಿಗಳಿಗೆ ಕಡೇಪಕ್ಷ 100 ಎಕರೆ ಇರಬೇಕು. ತಲೆಗೆ ಅರ್ಧ ಎಕರೆ. ಮಂಡ್ಯದ ನಾಲಾ ಬಯಲಲ್ಲಿ ಅಷ್ಟೇ ಗದ್ದೆ ಇಟ್ಟುಕೊಂಡು ಸಂಸಾರ ಮಾಡುವವರಿದ್ದಾರೆ! ಮುಂದೆ ಅಲ್ಲಿನ ಆಸ್ಪತ್ರೆಗಳು ಹಸು, ಹಂದಿ, ಆಲೂಗಡ್ಡೆ, ಹಣ್ಣಿನ ತೋಟ ಎಲ್ಲ ಇಟ್ಟುಕೊಂಡು ಊರಿನಂತೆ ಬೆಳೆದವು. ಗೇಯುತ್ತಿದ್ದವರು ರೋಗಿಗಳು.

ನಮ್ಮಲ್ಲೂ ಅದೇ ಗಾಳಿ ಬೀಸಿತು. 1858ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಮಾನಸಿಕ ಆಸ್ಪತ್ರೆಗಳ ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಸಾಲಾಗಿ ಎದ್ದವು. ಬಂಗಾಳದ ವಾರ್ಷಿಕ ವರದಿಗಳಲ್ಲಿ ನೇಯ್ಗೆ, ಗಾಣ, ತೋಟಗಳ ಹುಟ್ಟುವಳಿಗೆ ಬೆಲೆ ಕಟ್ಟಿ ಬರೆಯುತ್ತಿದ್ದರು. 1871ರಲ್ಲಿ ಶುರುವಾದ ಮದ್ರಾಸಿನ ಕಿಲ್ಪಾಕ್ ಆಸ್ಪತ್ರೆಗೆ ಸಿಕ್ಕ ಜಾಗ 66 ಎಕರೆ ಮೇಲೆ. 1912ರ ಕಾಯ್ದೆ ಖರ್ಚಿಗೆ ಅಂತಲೇ ಬೇರೆ ಅಧ್ಯಾಯ ಇಟ್ಟಿತು: ರೋಗಿಗೆ ಆಸ್ತಿ ಇದ್ದರೆ ಅದರಿಂದ ವಸೂಲು ಮಾಡಬಹುದಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಒಬ್ಬ ಬೆಳಿಗ್ಗೆ ಗುದ್ದಲಿ ಹಿಡಿದು ಸೊಪ್ಪಿನ ಮಡಿ ಅಗೆಯುತ್ತಾನೆ ಅಂತಿಟ್ಟುಕೊಳ್ಳಿ. ಡಾಕ್ಟರ ಪುಸ್ತಕದಲ್ಲಿ ಅದು ಚಿಕಿತ್ಸೆ. ಗುಮಾಸ್ತರ ಪುಸ್ತಕದಲ್ಲಿ ಅದು ಆದಾಯ, ಯಾಕೆಂದರೆ ಆ ಸೊಪ್ಪನ್ನು ಪೇಟೆಯಲ್ಲಿ ಕೊಳ್ಳೋದು ತಪ್ಪಿತು. ಎರಡೂ ಸುಳ್ಳಲ್ಲ. ಸುಮ್ನೆ ಗೋಡೆ ನೋಡಿಕೊಂಡು ಕೂರೋದಕ್ಕಿಂತ ಮಣ್ಣಲ್ಲಿ ಕೈಯಾಡಿಸೋದು ಎಷ್ಟೋ ಮೇಲು. ಆದರೆ ಗೇಯ್ದವನ ಹೆಸರಲ್ಲಿ ಕೂಲಿ ಅಂತ ಒಂದು ಸಾಲು ಎರಡೂ ಪುಸ್ತಕದಲ್ಲಿ ಇರಲಿಲ್ಲ. ನನಗೆ ಇನ್ನೊಂದು ಅನುಮಾನ. ಹದಿನೈದು ವರ್ಷದಿಂದ ಎಮ್ಮೆ ಕರೆಯುತ್ತಿರುವ ಒಳ್ಳೇ ಆಳಿಗೆ 'ವಾಸಿಯಾಯ್ತು, ಮನೆಗೆ ಹೋಗು' ಅಂತ ಹೇಳಲು ಯಾವ ಮೇನೇಜರಿಗೆ ಮನಸ್ಸು ಬರುತ್ತೆ?

ಕೂಲಿಯ ಪ್ರಶ್ನೆ ಕೋರ್ಟಿಗೆ ಹೋದದ್ದು ಅಮೆರಿಕದಲ್ಲಿ. 1973ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ಕೋರ್ಟು, ಕೆಲಸದಿಂದ ಆಸ್ಪತ್ರೆಗೆ ಲಾಭ ಇದ್ದರೆ ರೋಗಿಗೂ ಕನಿಷ್ಠ ಕೂಲಿ ಕಾಯ್ದೆ ಅನ್ವಯಿಸುತ್ತೆ ಅಂದಿತು. 1976ರಲ್ಲಿ ಸುಪ್ರೀಂ ಕೋರ್ಟಿನ ಬೇರೊಂದು ತೀರ್ಪಿನಿಂದ ಅದರ ಬಲ ಕುಗ್ಗಿತು, ನಿಜ. ಅಷ್ಟರಲ್ಲಿ ಆಸ್ಪತ್ರೆಗಳು ರೋಗಿಗಳನ್ನು ಕೆಲಸದಿಂದ ಬಿಡಿಸಿಬಿಟ್ಟಿದ್ದವು. ಎಷ್ಟೋ ಹೊಲಗಳು ಅದಕ್ಕೂ ಮೊದಲೇ ಮಾರಾಟವಾಗಿದ್ದವು. ಕೂಲಿ ಕೊಟ್ಟು ಬೆಳೆಯೋದಕ್ಕಿಂತ ಕೊಂಡು ತಿನ್ನೋದೇ ಅಗ್ಗ. ಅಲ್ಲಿಗೆ ಹೊಲದ ಲಾಭ ಮಣ್ಣಿನದ್ದಲ್ಲ, ಕೊಡದ ಕೂಲಿಯದ್ದು ಅಂತ ಗೊತ್ತಾದ ಹಾಗಾಯ್ತು. ಕೆಲಸ ಬಿಟ್ಟ ರೋಗಿಗಳಲ್ಲಿ ಎಷ್ಟೋ ಜನ ಟಿವಿ ಮುಂದೆ ಕೂತರು. ಅದು ಉಪಕಾರ ಅಂತಲೂ ನಾನು ಹೇಳಲಾರೆ.

ಈಗ ನಮ್ಮ ಮೈಸೂರು ಸಂಸ್ಥಾನದ ಕಡೆ ಬರೋಣ. ಬೆಂಗಳೂರಿನ ಪೇಟೆಯಲ್ಲಿ 1840ರ ದಶಕದ ಕೊನೆಗೆ ಶುರುವಾದ ಆಸ್ಪತ್ರೆಗೆ 1925ರಲ್ಲಿ 'ಮೆಂಟಲ್ ಹಾಸ್ಪಿಟಲ್' ಅಂತ ಹೆಸರಾಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಅದು ಲಕ್ಕಸಂದ್ರದ ಬಯಲಿಗೆ ಬಂತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ಪುನರ್ವಸತಿ ವಿಭಾಗದಲ್ಲಿ ಈಗಲೂ ಬೇಕರಿ, ಹೊಲಿಗೆ, ಮೇಣದಬತ್ತಿ, ತೋಟದ ಕೆಲಸ ಇವೆ. ಆದರೆ ಇದರಿಂದ ಆಸ್ಪತ್ರೆ ನಡೆಯುತ್ತೆ ಅಂತ ಯಾರೂ ಅಂದುಕೊಂಡಿಲ್ಲ. 2023-24ರ ಕೇಂದ್ರ ಬಜೆಟ್ಟಿನಲ್ಲಿ ನಿಮ್ಹಾನ್ಸಿಗೆ ಇಟ್ಟದ್ದು 721 ಕೋಟಿ ರೂಪಾಯಿ. ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ 64 ಕೋಟಿ, ಫೋನಿನಲ್ಲಿ ಸಲಹೆ ಕೊಡುವ ಟೆಲಿ ಮಾನಸ್‌ಗೆ 134 ಕೋಟಿ. ಇಡೀ ಆರೋಗ್ಯ ಬಜೆಟ್ಟಿನಲ್ಲಿ ಈ ಮೂರೂ ಸೇರಿ ಶೇ 1ರ ಆಸುಪಾಸು.

ಹಾಸಿಗೆಗಳ ಸರ್ಕಾರಿ ಖರ್ಚನ್ನು ಕಮ್ಮಿ ಮಾಡುವ ಇನ್ನೊಂದು ದಾರಿ ರೋಗಿಯನ್ನು ಮನೆಯಲ್ಲೇ ಇಟ್ಟು ನೋಡಿಕೊಳ್ಳೋದು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಇದನ್ನು ಮಾಡಿ ನೋಡಿದರು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ಇವತ್ತು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ 'ಮನೋಚೈತನ್ಯ' ಕ್ಲಿನಿಕ್ ಬಂದಿದೆ. ರೋಗಿಗೆ ಇದೇ ಒಳ್ಳೇದು, ಅನುಮಾನ ಇಲ್ಲ. ಆದರೆ ಊಟ, ಕಾವಲು, ಬಸ್ ಚಾರ್ಜು ಎಲ್ಲ ತಾಯಿಯ ಲೆಕ್ಕಕ್ಕೆ ಬಂತು. ಆ ಲೆಕ್ಕ ಯಾವ ಬಜೆಟ್ಟಲ್ಲೂ ಸಿಗಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತೆ: ಆಸ್ಪತ್ರೆಯಲ್ಲಿ ಯಾರನ್ನೂ ಬಲವಂತವಾಗಿ ದುಡಿಸುವಂತಿಲ್ಲ, ದುಡಿದರೆ ತಕ್ಕ ಸಂಬಳ ಕೊಡಬೇಕು. ನೂರೈವತ್ತು ವರ್ಷ ಖಾಲಿ ಇದ್ದ ಸಾಲು ಕೊನೆಗೂ ತುಂಬಿತು. ಆದರೆ ಅದು ಆಸ್ಪತ್ರೆಯ ಕಾಂಪೌಂಡಿನ ಒಳಗಿನ ಮಾತು.

ಮದ್ದೂರು ದಾಟುವಾಗ ತಾಯಿಯನ್ನು ಕೇಳಿದೆ, ಅರ್ಧ ಕೂಲಿ ಯಾಕೆ, ಇವನು ನಿಧಾನವಾ? 'ನಿಧಾನ ಎಲ್ಲಿ ಬಂತು? ಬೇರೆಯವರಿಗಿಂತ ಜಾಸ್ತಿನೇ ಕಡೀತಾನೆ' ಅಂದರು. ಮಗ ಕಿಟಕಿಯಿಂದ ತಿರುಗಿ, 'ಊಟ ಕೊಡ್ತಾರಲ್ಲಮ್ಮ' ಅಂದ.